ಅಕೌಂಟ್ಸ್ ಕೆಲಸಕ್ಕೆ ಓದು ಎಷ್ಟು, ಕೈಕೆಲಸ ಎಷ್ಟು: ಪಿಯುಸಿಯಿಂದ ಆಡಿಟರ್ ಆಫೀಸಿನವರೆಗೆ

ಅಕೌಂಟ್ಸ್ ಅಸಿಸ್ಟೆಂಟ್ ಕೆಲಸದ ಸಂದರ್ಶನದಲ್ಲಿ ಬಿ.ಕಾಂ. ಅಂಕಪಟ್ಟಿಯನ್ನು ಒಮ್ಮೆ ನೋಡಿ ಪಕ್ಕಕ್ಕಿಡುತ್ತಾರೆ. ಆಮೇಲೆ ಬರುವ ಪ್ರಶ್ನೆಗಳು ಇಂಥವು: ‘ಬ್ಯಾಂಕ್ ಚಾರ್ಜಸ್ 590 ರೂಪಾಯಿ ಕಟ್ ಆಗಿದೆ, ಎಂಟ್ರಿ ಏನು?’ ‘ಪುಣೆಯಿಂದ ಮಾಲು ಬಂದಿದೆ, ಬಿಲ್ಲಿನಲ್ಲಿ ಯಾವ ತೆರಿಗೆ ಇರಬೇಕು?’ ‘ಜಿಎಸ್‌ಟಿಯ 2ಬಿ ಪಟ್ಟಿ ಯಾವ ತಾರೀಕಿಗೆ ಬರುತ್ತೆ?’ ಉತ್ತರ ಬಂದವರಿಗೆ ಕೆಲಸ, ಬಾರದವರಿಗೆ ‘ಫೋನ್ ಮಾಡ್ತೀವಿ’ ಎಂಬ ಮಾತು. ಡಿಗ್ರಿ, ಸಿಎ (ಚಾರ್ಟರ್ಡ್ ಅಕೌಂಟೆಂಟ್), ಸಿಎಂಎ (ಕಾಸ್ಟ್ ಅಂಡ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್), ಯಾವ ದಾರಿ ಹಿಡಿದರೂ ಕೈಗೆ ಲೆಕ್ಕ ಹತ್ತಿರಲೇಬೇಕು. ಯಾವ ಹಂತದಲ್ಲಿ ಏನು ಕಲಿಯಬೇಕು, ಎಷ್ಟು ಸಮಯ ಹಿಡಿಯುತ್ತದೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಕರ್ನಾಟಕದ ವಿದ್ಯಾರ್ಥಿಗೆ ಹೊಂದುವ ಹಾಗೆ ಇಲ್ಲಿ ಬರೆದಿದೆ.

ಮೊದಲು ಮನೆಯ ಲೆಕ್ಕ

ದಾರಿ ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ದುಡಿಮೆ ಇಲ್ಲದೆ ಎಷ್ಟು ವರ್ಷ ಓದಬಲ್ಲೆ?

ಬೇಗ ದುಡಿಯಲೇಬೇಕು ಎನ್ನುವವರಿಗೆ ಪಿಯುಸಿ ಕಾಮರ್ಸ್ ಮುಗಿಸಿ, ಆರು ತಿಂಗಳು ಕೈಕೆಲಸ ಕಲಿತು, ಸಣ್ಣ ಆಡಿಟರ್ ಆಫೀಸು ಸೇರುವ ದಾರಿಯಿದೆ. ಡಿಗ್ರಿಯನ್ನು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ದೂರಶಿಕ್ಷಣದ ಬಿ.ಕಾಂ. ಆಗಿ ಜೊತೆಜೊತೆಗೇ ಮಾಡಿಕೊಳ್ಳಬಹುದು. ಎಸ್‌ಎಸ್‌ಎಲ್‌ಸಿ ಆದಮೇಲೆ ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಕೂಡ ಇದೆ. ಇದನ್ನು ಯಾರೂ ಹೆಚ್ಚು ಪ್ರಚಾರ ಮಾಡುವುದಿಲ್ಲ, ಆದರೆ ಆಫೀಸು ಕೆಲಸಕ್ಕೆ ಸರಿಯಾಗಿ ಹೊಂದುವ ಕೋರ್ಸು.

ಮೂರು ವರ್ಷ ಕಾಯಬಲ್ಲವರಿಗೆ ರೆಗ್ಯುಲರ್ ಬಿ.ಕಾಂ. ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ 3 ವರ್ಷಕ್ಕೇ ಬಂದಿದೆ. ನಾಲ್ಕೈದು ವರ್ಷ ಕಾಯಬಲ್ಲವರು, ಫೇಲಾದರೆ ಎದ್ದು ಕೂರಬಲ್ಲವರು ಸಿಎ ಕಡೆ ನೋಡಬಹುದು. ಸಿಎ ಮಾಡಬೇಕೆಂದರೆ ಪಿಯುಸಿ ಮುಗಿದ ಕೂಡಲೇ ಸೇರಲೇಬೇಕು ಎಂಬ ಮಾತು ತಪ್ಪು. ಕಾಮರ್ಸ್ ಪದವಿಯಲ್ಲಿ ಶೇ 55, ಬೇರೆ ಪದವಿಯಲ್ಲಿ ಶೇ 60 ಅಂಕ ಇದ್ದರೆ ಸಿಎಯ ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಹೀಗಾಗಿ ಬಿ.ಕಾಂ. ಓದುವವರು ಶೇ 55 ದಾಟುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಶೇ 54 ಬಂದವರಿಗೆ ಆ ಬಾಗಿಲು ಮುಚ್ಚಿಯೇ ಇರುತ್ತದೆ.

ಪಿಯುಸಿ: ಮೊದಲ ವರ್ಷವೇ ಅಡಿಪಾಯ

ಕಾಮರ್ಸ್‌ನಲ್ಲಿ ಎಚ್‌ಇಬಿಎ, ಎಸ್‌ಇಬಿಎ, ಸಿಇಬಿಎ, ಎಂಇಬಿಎ ಹೀಗೆ ಗುಂಪುಗಳಿವೆ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಎಲ್ಲದರಲ್ಲೂ ಇರುತ್ತವೆ. ಬದಲಾಗುವುದು ನಾಲ್ಕನೆಯ ವಿಷಯ: ಇತಿಹಾಸ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಅಥವಾ ಗಣಿತ. ಬರೀ ಅಕೌಂಟ್ಸ್ ಕೆಲಸಕ್ಕೆ ಯಾವುದಾದರೂ ನಡೆಯುತ್ತದೆ. ಸಿಎ ಮನಸ್ಸಿನಲ್ಲಿದ್ದರೆ ಸಂಖ್ಯಾಶಾಸ್ತ್ರ ಅಥವಾ ಗಣಿತ ತೆಗೆದುಕೊಂಡವರಿಗೆ ಅನುಕೂಲ. ಫೌಂಡೇಶನ್‌ನ ಮೂರನೇ ಪತ್ರಿಕೆಯ 100 ಅಂಕದಲ್ಲಿ 40 ವ್ಯವಹಾರ ಗಣಿತಕ್ಕೆ, 40 ಸಂಖ್ಯಾಶಾಸ್ತ್ರಕ್ಕೆ, 20 ತಾರ್ಕಿಕ ಪ್ರಶ್ನೆಗಳಿಗೆ ಮೀಸಲು. ಇತಿಹಾಸ ತೆಗೆದುಕೊಂಡವರೂ ಪಾಸಾಗುತ್ತಾರೆ, ಆದರೆ ಮೂರು ತಿಂಗಳು ಮೊದಲೇ ಲೆಕ್ಕ ಬಿಡಿಸಲು ಕೂರಬೇಕು.

ಎರಡನೇ ಪಿಯುಸಿಯ ಅಂಕಗಳೇ ಎಣಿಕೆಗೆ ಬರುವುದರಿಂದ ಮೊದಲ ವರ್ಷದ ಲೆಕ್ಕಶಾಸ್ತ್ರವನ್ನು ತೇಲಿಸಿ ಓದುವುದು ವಾಡಿಕೆ. ಆದರೆ ಜರ್ನಲ್ (ವ್ಯವಹಾರಗಳನ್ನು ದಿನವಾರು ಬರೆಯುವ ಪುಸ್ತಕ), ಲೆಡ್ಜರ್ (ಖಾತೆವಾರು ಪುಸ್ತಕ), ತಾಳೆಪಟ್ಟಿ (ಎರಡೂ ಬದಿಯ ಮೊತ್ತ ಸಮವೇ ಎಂದು ನೋಡುವ ಪಟ್ಟಿ), ಬ್ಯಾಂಕ್ ಹೊಂದಾಣಿಕೆ, ಸವಕಳಿ, ತಪ್ಪು ತಿದ್ದುಪಡಿ, ಅಂತಿಮ ಲೆಕ್ಕಗಳು, ಇವೆಲ್ಲ ಇರುವುದು ಮೊದಲ ವರ್ಷದಲ್ಲೇ. ಆಫೀಸಿನಲ್ಲಿ ದಿನಾ ಬೇಕಾಗುವುದೂ ಇವೇ. ಎರಡನೇ ವರ್ಷದ ಪಾಲುದಾರಿಕೆ, ಷೇರು, ಡಿಬೆಂಚರ್ ಪರೀಕ್ಷೆಗೆ ದೊಡ್ಡವು, ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ಅಪರೂಪ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಗೊಂದಲ ಕಾದಿರುತ್ತದೆ. ಪಠ್ಯದಲ್ಲಿ ಡೆಬಿಟ್ ಎಂದರೆ ‘ಖರ್ಚು’, ಕ್ರೆಡಿಟ್ ಎಂದರೆ ‘ಜಮಾ’. ‘ಖರ್ಚು’ ಎಂಬ ಮಾತು ಕೇಳಿದೊಡನೆ ದುಡ್ಡು ಹೋಯಿತು ಅನ್ನಿಸುತ್ತದೆ. ಆದರೆ ಕೈಗೆ ದುಡ್ಡು ಬಂದಾಗಲೇ ನಗದು ಖಾತೆ ಡೆಬಿಟ್ ಆಗುವುದು. ಪಾಸ್‌ಬುಕ್ ಇನ್ನೂ ತೊಡಕು: ನೀವು ಬ್ಯಾಂಕಿಗೆ ಕಟ್ಟಿದ 10,000 ರೂಪಾಯಿ ಅಲ್ಲಿ ಜಮಾ, ನಿಮ್ಮ ಪುಸ್ತಕದಲ್ಲಿ ಡೆಬಿಟ್. ಪಾಸ್‌ಬುಕ್ ಬ್ಯಾಂಕಿನವರು ಬರೆದುಕೊಂಡ ಲೆಕ್ಕ. ಅವರ ಪಾಲಿಗೆ ಅದು ನಿಮಗೆ ವಾಪಸು ಕೊಡಬೇಕಾದ ಹಣ. ನಿಮ್ಮ ಪುಸ್ತಕದಲ್ಲಿ ಅದು ನಿಮಗೆ ಬರಬೇಕಾದ ಹಣ. ಇದು ಗಟ್ಟಿಯಾದರೆ ಬ್ಯಾಂಕ್ ಹೊಂದಾಣಿಕೆಯಲ್ಲಿ ಕೂಡುವುದೋ ಕಳೆಯುವುದೋ ಎಂಬ ಬಾಯಿಪಾಠ ಬೇಕಾಗುವುದಿಲ್ಲ. ಅಂದಹಾಗೆ ಕೆಲಸಕ್ಕೆ ಸೇರಿದ ಮೇಲೆ ಖರ್ಚು-ಜಮಾ ಎಂದು ಯಾರೂ ಹೇಳುವುದಿಲ್ಲ, ಡೆಬಿಟ್-ಕ್ರೆಡಿಟ್ ಎಂದೇ ರೂಢಿ ಮಾಡಿಕೊಳ್ಳಿ.

ಕಂಪ್ಯೂಟರ್ ಮುಟ್ಟುವ ಮುಂಚೆ ಒಂದು ನೋಟ್‌ಬುಕ್

ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಮಾಡಬೇಕಾದ ಅಭ್ಯಾಸ ಇದು. ಗೆರೆ ಹಾಕಿದ ದೊಡ್ಡ ನೋಟ್‌ಬುಕ್ ಒಂದು, ಪೆನ್ಸಿಲ್, ಕ್ಯಾಲ್ಕುಲೇಟರ್ ಇಷ್ಟೇ ಬೇಕು. ಒಂದು ಹಾರ್ಡ್‌ವೇರ್ ಅಂಗಡಿ ಎಂದುಕೊಳ್ಳಿ. ಬಂಡವಾಳ 3,00,000 ರೂಪಾಯಿ. ಒಂದು ತಿಂಗಳಿಗೆ 60 ವ್ಯವಹಾರಗಳನ್ನು ನೀವೇ ಬರೆದುಕೊಳ್ಳಿ: 15 ಖರೀದಿ, 20 ಮಾರಾಟ, ಅದರಲ್ಲಿ ಅರ್ಧ ಉದ್ರಿ, ಬಾಡಿಗೆ, ಸಂಬಳ, ಕರೆಂಟ್ ಬಿಲ್, ಒಂದು ಕಪಾಟು ಖರೀದಿ, ವಾಪಸು ಬಂದ ಮಾಲು, ಬೌನ್ಸ್ ಆದ ಚೆಕ್ ಒಂದು, ಮಾಲೀಕ ಮನೆಖರ್ಚಿಗೆ ತೆಗೆದುಕೊಂಡ ಹಣ. ಮೊದಲು ಜರ್ನಲ್, ಆಮೇಲೆ ಲೆಡ್ಜರ್, ಆಮೇಲೆ ತಾಳೆಪಟ್ಟಿ, ಕೊನೆಗೆ ಲಾಭ-ನಷ್ಟ ಮತ್ತು ಬ್ಯಾಲೆನ್ಸ್ ಶೀಟ್. ಮೊದಲ ಸಲಕ್ಕೆ ಹತ್ತು ದಿನ ಹಿಡಿಯುತ್ತದೆ. ಬೇರೆ ಅಂಕಿಗಳನ್ನಿಟ್ಟು ಮೂರು ಸಲ ಮಾಡಿ. ಮೂರನೆಯದು ಎರಡು ದಿನದಲ್ಲಿ ಮುಗಿದರೆ ಮುಂದಕ್ಕೆ ಹೋಗಬಹುದು.

ತಾಳೆಯಾಗದಿದ್ದಾಗ ಮತ್ತೆ ಮೊದಲಿನಿಂದ ಕೂಡಬೇಡಿ. ವ್ಯತ್ಯಾಸದ ಮೊತ್ತವನ್ನು ನೋಡಿ. ಅದು 9ರಿಂದ ಭಾಗವಾದರೆ ಅಂಕಿ ತಿರುಗುಮುರುಗಾಗಿರುವ ಸಾಧ್ಯತೆ ಹೆಚ್ಚು: 4,500 ಬರೆಯುವಲ್ಲಿ 5,400 ಬರೆದರೆ ವ್ಯತ್ಯಾಸ 900. ವ್ಯತ್ಯಾಸದ ಅರ್ಧದಷ್ಟು ಮೊತ್ತದ ಎಂಟ್ರಿ ಎಲ್ಲಾದರೂ ಇದೆಯೇ ನೋಡಿ. ಇದ್ದರೆ ಅದು ತಪ್ಪು ಮಗ್ಗುಲಿಗೆ ಹೋಗಿರಬಹುದು. ಎರಡೂ ಅಲ್ಲವಾದರೆ ವ್ಯತ್ಯಾಸದ ಮೊತ್ತವನ್ನೇ ಹುಡುಕಿ, ಯಾವುದೋ ಒಂದು ಬದಿ ಬರೆಯುವುದು ಬಿಟ್ಟುಹೋಗಿರುತ್ತದೆ.

ಟ್ಯಾಲಿಯಲ್ಲಿ ಎರಡೂ ಬದಿ ಸಮ ಇಲ್ಲದೆ ವೋಚರ್ ಸೇವ್ ಆಗುವುದೇ ಇಲ್ಲವಲ್ಲ, ಮತ್ತೆ ಈ ಕಷ್ಟ ಯಾಕೆ ಎಂದು ಕೇಳುವವರಿದ್ದಾರೆ. ಟ್ಯಾಲಿಯಲ್ಲಿ ತಾಳೆಪಟ್ಟಿ ಸರಿಯಾಗಿ ಕಾಣುತ್ತಿರುವಾಗಲೇ ಒಳಗೆ ತಪ್ಪು ಕೂತಿರುತ್ತದೆ. ಕಪಾಟಿನ 18,000 ರೂಪಾಯಿಯನ್ನು ಆಫೀಸ್ ಖರ್ಚಿಗೆ ಹಾಕಿದರೆ ಸಾಫ್ಟ್‌ವೇರ್ ಏನೂ ಅನ್ನುವುದಿಲ್ಲ, ಲಾಭ ಮಾತ್ರ 18,000 ಕಡಿಮೆ ತೋರುತ್ತದೆ. ಅದನ್ನು ಹಿಡಿಯುವುದು ಕೈಯಲ್ಲಿ ಬರೆದು ಪಳಗಿದ ಕಣ್ಣು.

ಟ್ಯಾಲಿ: ಎಷ್ಟು ಕಲಿತರೆ ಸಾಕು

ಟ್ಯಾಲಿ ಬೆಂಗಳೂರಿನದೇ ಕಂಪನಿಯ ಸಾಫ್ಟ್‌ವೇರ್. ಟ್ಯಾಲಿಪ್ರೈಮ್ ಎಜುಕೇಶನಲ್ ಮೋಡ್ ಲೈಸೆನ್ಸ್ ಇಲ್ಲದೆಯೇ ನಡೆಯುತ್ತದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಬಹುದು, ಅಭ್ಯಾಸಕ್ಕೆ ಅಷ್ಟು ಸಾಕು. ನೋಟ್‌ಬುಕ್ಕಿನ ಅದೇ ಹಾರ್ಡ್‌ವೇರ್ ಅಂಗಡಿಯನ್ನು ಇದರಲ್ಲಿ ಹಾಕಿ, ಎರಡೂ ಬ್ಯಾಲೆನ್ಸ್ ಶೀಟ್ ಒಂದೇ ಬರುತ್ತದೆಯೇ ನೋಡಿ.

ಎಫ್4 ಕಾಂಟ್ರಾ (ನಗದು-ಬ್ಯಾಂಕ್ ನಡುವಿನ ವರ್ಗಾವಣೆ), ಎಫ್5 ಪೇಮೆಂಟ್, ಎಫ್6 ರಿಸೀಪ್ಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಕೀಲಿಗಳು ಒಂದು ವಾರದಲ್ಲಿ ಬೆರಳಿಗೆ ಬರುತ್ತವೆ. ತಪ್ಪುಗಳು ಆಗುವುದು ಬೇರೆ ಕಡೆ:

- ಲೆಡ್ಜರನ್ನು ತಪ್ಪು ಗ್ರೂಪಿನಡಿ ತೆರೆಯುವುದು. ಮಾಲು ಕೊಟ್ಟವರು ಸಂಡ್ರಿ ಕ್ರೆಡಿಟರ್ಸ್, ಕೊಂಡವರು ಸಂಡ್ರಿ ಡೆಟರ್ಸ್, ಜಿಎಸ್‌ಟಿ ಲೆಡ್ಜರ್‌ಗಳು ಡ್ಯೂಟೀಸ್ ಅಂಡ್ ಟ್ಯಾಕ್ಸಸ್ ಅಡಿ ಇರಬೇಕು.
- ಒಂದೇ ಪಾರ್ಟಿಗೆ ಎರಡು ಲೆಡ್ಜರ್. ‘ಶ್ರೀ ಟ್ರೇಡರ್ಸ್’ ಒಂದು, ‘ಶ್ರೀ ಟ್ರೇಡರ್ಸ್.’ ಎಂದು ಚುಕ್ಕಿ ಇಟ್ಟದ್ದು ಇನ್ನೊಂದು. ಬಿಲ್ಲು ಒಂದಕ್ಕೆ, ಪೇಮೆಂಟ್ ಇನ್ನೊಂದಕ್ಕೆ ಹೋಗಿ ಬಾಕಿ ಎಂದಿಗೂ ತೀರುವುದಿಲ್ಲ.
- ನಗದು ಮೈನಸ್ ಆಗುವುದು. ತಿಂಗಳ ಕೊನೆಗೆ ಕ್ಯಾಶ್ ಸರಿ ಇರುತ್ತದೆ, 14ನೇ ತಾರೀಕಿಗೆ ನೋಡಿದರೆ ಮೈನಸ್ 6,200. ಇಲ್ಲದ ದುಡ್ಡನ್ನು ಯಾರೂ ಕೊಡಲಾರರು. ಬ್ಯಾಂಕಿನಿಂದ ತೆಗೆದ ಹಣದ ಎಂಟ್ರಿ ಬಿಟ್ಟಿರಬೇಕು ಅಥವಾ ತಾರೀಕು ತಪ್ಪಿರಬೇಕು. ದಿನವಾರು ಕ್ಯಾಶ್ ಬುಕ್ ನೋಡುವುದು ಆಡಿಟರ್ ಮಾಡುವ ಮೊದಲ ಕೆಲಸಗಳಲ್ಲೊಂದು.
- ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟು ಖರ್ಚು ಬರೆಯುವುದು. ಆದಾಯ ತೆರಿಗೆಯಲ್ಲಿ ಅಂಥ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಎಕ್ಸೆಲ್‌ನಲ್ಲಿ ಸಮ್‌ಇಫ್ಸ್, ವಿಲುಕಪ್ ಅಥವಾ ಎಕ್ಸ್‌ಲುಕಪ್, ಪಿವಟ್ ಟೇಬಲ್, ಫಿಲ್ಟರ್, ಟ್ರಿಮ್ ಇಷ್ಟು ಬಂದರೆ ಮೊದಲೆರಡು ವರ್ಷ ತಳ್ಳಬಹುದು. ಲುಕಪ್ ಕೆಲಸ ಮಾಡದಿದ್ದರೆ ಬಹುಪಾಲು ಕಾರಣ ಒಂದೇ: ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಸಂಖ್ಯೆಯಂತೆ ಕಾಣುವ ಅಕ್ಷರ. ಪೋರ್ಟಲ್‌ನಿಂದ ಇಳಿಸಿದ ಫೈಲುಗಳಲ್ಲಿ ಇದು ಮಾಮೂಲು.

ಒಂದು ಖರೀದಿ ಬಿಲ್ಲನ್ನು ಓದುವ ಬಗೆ

ಜಿಎಸ್‌ಟಿ 2017ರ ಜುಲೈ 1ರಂದು ಬಂತು. ಅಕೌಂಟ್ಸ್‌ಗೆ ಹೊಸದಾಗಿ ಸೇರಿದವರ ದಿನದ ಹೆಚ್ಚಿನ ಪಾಲು ಈಗ ಇದಕ್ಕೇ ಹೋಗುತ್ತದೆ. ಕಾನೂನಿನ ಕಲಂಗಳಿಗಿಂತ ಮೊದಲು ಬಿಲ್ಲು ಓದಲು ಕಲಿಯಿರಿ.

40,000 ರೂಪಾಯಿ ಮಾಲಿಗೆ ಶೇ 18 ತೆರಿಗೆ ಎಂದುಕೊಳ್ಳಿ. ಮೊದಲು ಮಾರಿದವರ ಜಿಎಸ್‌ಟಿ ನಂಬರ್ ನೋಡಿ. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್, ಮುಂದಿನ ಹತ್ತು ಪ್ಯಾನ್. ಕರ್ನಾಟಕದ ಕೋಡ್ 29. ಹುಬ್ಬಳ್ಳಿಯವರು ಬೆಂಗಳೂರಿಗೆ ಮಾರಿದರೆ ಸಿಜಿಎಸ್‌ಟಿ (ಕೇಂದ್ರದ ಪಾಲು) 3,600, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 3,600. ಪುಣೆಯಿಂದ ಬಂದರೆ ಕೋಡ್ 27, ಬಿಲ್ಲಿನಲ್ಲಿ ಐಜಿಎಸ್‌ಟಿ (ಅಂತರರಾಜ್ಯ ವ್ಯವಹಾರದ ತೆರಿಗೆ) 7,200 ಒಂದೇ ಸಾಲು. ಒಟ್ಟು ಎರಡರಲ್ಲೂ 47,200. ಆಮೇಲೆ ನಿಮ್ಮ ಕಂಪನಿಯ ಜಿಎಸ್‌ಟಿ ನಂಬರ್ ಸರಿಯಾಗಿದೆಯೇ ನೋಡಿ. ಒಂದು ಅಕ್ಷರ ತಪ್ಪಿದ್ದರೂ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ನಿಮಗೆ ಬರುವುದಿಲ್ಲ. ಅದೇ ದಿನ ಫೋನ್ ಮಾಡಿ ತಿದ್ದಿಸಿಕೊಳ್ಳಿ, ಆರು ತಿಂಗಳ ನಂತರ ಯಾರೂ ತಿದ್ದಿಕೊಡುವುದಿಲ್ಲ.

ಎಂಟ್ರಿ ಹಾಕುವಾಗ ಬಿಲ್ ನಂಬರನ್ನು ಬಿಲ್ಲಿನಲ್ಲಿ ಇರುವಂತೆಯೇ ಬರೆಯಿರಿ. ‘024/25-26’ ಎಂದಿದ್ದರೆ ‘24’ ಎಂದು ಚುಟುಕಾಗಿಸಬೇಡಿ. ಮಾರಿದವರು ತಿಂಗಳ ಮಾರಾಟವನ್ನು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1 ಎಂಬ ಮಾರಾಟದ ರಿಟರ್ನ್‌ನಲ್ಲಿ ತುಂಬುತ್ತಾರೆ. ಅದೆಲ್ಲ ನಿಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಯಾಗಿ 14ಕ್ಕೆ ಬರುತ್ತದೆ. ನೀವು 20ರೊಳಗೆ ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕದ ರಿಟರ್ನ್) ಸಲ್ಲಿಸಿ ತೆರಿಗೆ ಕಟ್ಟಬೇಕು. ಅಂದರೆ 14ರಿಂದ 20, ಆರು ದಿನದ ಕಿಟಕಿ. ಆ ಆರು ದಿನದಲ್ಲಿ ನಿಮ್ಮ ಖರೀದಿ ಪಟ್ಟಿಗೂ 2ಬಿಗೂ ಹೊಂದಿಸಿ ನೋಡಬೇಕು. ನಂಬರ್ ಬೇರೆ ಬರೆದಿದ್ದರೆ ಎರಡೂ ಕಡೆ ‘ಸಿಗಲಿಲ್ಲ’ ಎಂದೇ ತೋರುತ್ತದೆ. 2ಬಿಯಲ್ಲಿ ಬಾರದ ಬಿಲ್ಲಿನ ಕ್ರೆಡಿಟನ್ನು ಆ ತಿಂಗಳು ತೆಗೆದುಕೊಳ್ಳುವಂತಿಲ್ಲ. 11ರ ನಂತರ ತುಂಬಿದವರ ಬಿಲ್ಲು ಮುಂದಿನ ತಿಂಗಳ 2ಬಿಗೆ ಬರುತ್ತದೆ, ಹಾಗಾಗಿ ಕಾಯುವ ಬಿಲ್ಲುಗಳಿಗೆ ಬೇರೆ ಪಟ್ಟಿ ಇಟ್ಟುಕೊಳ್ಳಿ.

ವರ್ಷಕ್ಕೆ 5 ಕೋಟಿವರೆಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಆಯ್ಕೆ ತೆಗೆದುಕೊಳ್ಳಬಹುದು. ಆಗ ಕರ್ನಾಟಕದಲ್ಲಿ 3ಬಿ ಗಡುವು 22. ತ್ರೈಮಾಸಿಕದ ಮೊದಲೆರಡು ತಿಂಗಳ ತೆರಿಗೆಯನ್ನು ಮಾತ್ರ ಮುಂದಿನ ತಿಂಗಳ 25ರೊಳಗೆ ಕಟ್ಟುತ್ತಿರಬೇಕು. ರಿಟರ್ನ್ ಮೂರು ತಿಂಗಳಿಗೆ ಎಂದಮೇಲೆ ತೆರಿಗೆಯೂ ಮೂರು ತಿಂಗಳಿಗೇ ಎಂದುಕೊಂಡು ಬಡ್ಡಿ ಕಟ್ಟುವವರು ಪ್ರತಿ ಆಫೀಸಿನಲ್ಲೂ ಸಿಗುತ್ತಾರೆ.

ಉಳಿದ ತಾರೀಕುಗಳು: ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಡಿತ ಮಾಡಿದ ಆದಾಯ ತೆರಿಗೆ, ಮುಂದಿನ ತಿಂಗಳ 7ಕ್ಕೆ (ಮಾರ್ಚ್ ತಿಂಗಳದ್ದು ಏಪ್ರಿಲ್ 30ಕ್ಕೆ), ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ನೌಕರರ ವಿಮೆ) 15ಕ್ಕೆ, ವೃತ್ತಿ ತೆರಿಗೆ 20ಕ್ಕೆ. ರಾಜ್ಯದಲ್ಲಿ ತಿಂಗಳಿಗೆ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ ವೃತ್ತಿ ತೆರಿಗೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಫೆಬ್ರುವರಿ ಒಂದು ತಿಂಗಳು ಮಾತ್ರ 300. ಈ ಫೆಬ್ರುವರಿಯ 100 ರೂಪಾಯಿ ಮರೆತುಹೋಗುವುದೇ ಹೆಚ್ಚು.

ಬ್ಯಾಂಕ್ ಹೊಂದಾಣಿಕೆ: ಇದೊಂದು ಬಂದರೆ ಅರ್ಧ ಕೆಲಸ ಬಂದಂತೆ

ಜುಲೈ 31ಕ್ಕೆ ನಿಮ್ಮ ಪುಸ್ತಕದಲ್ಲಿ ಬ್ಯಾಂಕ್ ಬಾಕಿ 1,84,500. ಸ್ಟೇಟ್‌ಮೆಂಟ್‌ನಲ್ಲಿ 1,96,030. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಸಾಲಿಗೆ ಟಿಕ್ ಹಾಕುತ್ತ ಹೋಗಿ. ಟಿಕ್ ಬೀಳದೆ ಉಳಿದವು ನಾಲ್ಕು:

ನೀವು ಕೊಟ್ಟ 22,000ದ ಚೆಕ್ಕನ್ನು ಪಾರ್ಟಿ ಇನ್ನೂ ಹಾಕಿಲ್ಲ. ನೀವು ಹಾಕಿದ 15,000ದ ಚೆಕ್ ಇನ್ನೂ ಪಾಸಾಗಿಲ್ಲ. ಗಿರಾಕಿಯೊಬ್ಬರು ನೇರ ಖಾತೆಗೆ 5,120 ಹಾಕಿದ್ದಾರೆ, ನಿಮಗೆ ಹೇಳಿಲ್ಲ. ಬ್ಯಾಂಕ್ ಚಾರ್ಜಸ್ 590 ಕಟ್ ಆಗಿದೆ.

ಮೊದಲೆರಡಕ್ಕೆ ಎಂಟ್ರಿ ಬೇಡ, ಸಮಯವೇ ಸರಿಮಾಡುತ್ತದೆ. ಕೊನೆಯೆರಡು ನಿಮ್ಮ ಪುಸ್ತಕದಲ್ಲೇ ಇಲ್ಲ, ಹಾಕಬೇಕು. 5,120ಕ್ಕೆ ರಿಸೀಪ್ಟ್. 590ಕ್ಕೆ ಪೇಮೆಂಟ್: ಬ್ಯಾಂಕ್ ಚಾರ್ಜಸ್ 500, ಸಿಜಿಎಸ್‌ಟಿ 45, ಎಸ್‌ಜಿಎಸ್‌ಟಿ 45. ಜಿಎಸ್‌ಟಿ ನೋಂದಣಿ ಇಲ್ಲದ ಸಂಸ್ಥೆಯಾದರೆ ಇಡೀ 590 ಖರ್ಚು. ಈಗ ಪುಸ್ತಕದ ಬಾಕಿ 1,89,030. ಅದಕ್ಕೆ 22,000 ಕೂಡಿ 15,000 ಕಳೆದರೆ 1,96,030, ಸ್ಟೇಟ್‌ಮೆಂಟಿಗೆ ಸರಿಹೋಯಿತು.

ಹೊಸಬರು ಮಾಡುವ ದೊಡ್ಡ ತಪ್ಪು, ಉಳಿದ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ (ಯಾವುದೆಂದು ಗೊತ್ತಾಗದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆ) ತಳ್ಳಿ ಮನೆಗೆ ಹೋಗುವುದು. 5,120 ಯಾರದೆಂದು ಗೊತ್ತಾಗದಿದ್ದರೆ ಸ್ಟೇಟ್‌ಮೆಂಟ್‌ನ ಯುಟಿಆರ್ ನಂಬರ್ (ವರ್ಗಾವಣೆಯ ಗುರುತಿನ ಸಂಖ್ಯೆ) ಹಿಡಿದು ಪಾರ್ಟಿಗಳನ್ನು ಕೇಳಿ. ಹಾಗೆಯೇ ಕೊಟ್ಟ ಚೆಕ್ ಮೂರು ತಿಂಗಳಾದರೂ ಪಾಸಾಗದಿದ್ದರೆ ಅದು ಅವಧಿ ಮೀರಿದ ಚೆಕ್. ಎಂಟ್ರಿಯನ್ನು ಹಿಂದಕ್ಕೆ ತಿರುಗಿಸಬೇಕು.

ಸಿಎ: ಮೆಟ್ಟಿಲು ಮೆಟ್ಟಿಲಾಗಿ

ಸಿಎ ಪರೀಕ್ಷೆ ನಡೆಸುವ ಐಸಿಎಐ ಸಂಸ್ಥೆ 2023ರ ಜುಲೈ 1ರಿಂದ ಹೊಸ ಶಿಕ್ಷಣ ಯೋಜನೆ ತಂದಿದೆ. ಹಳೆಯ ಸೀನಿಯರ್‌ಗಳ ಸಲಹೆಯಲ್ಲಿ ‘3 ವರ್ಷದ ಆರ್ಟಿಕಲ್‌ಶಿಪ್’ (ಸಿಎ ಆಫೀಸಿನಲ್ಲಿ ಮಾಡುವ ಕೆಲಸದ ತರಬೇತಿ), ‘8 ಪತ್ರಿಕೆಗಳು’ ಎಂಬ ಮಾತು ಬಂದರೆ ಅದು ಹಿಂದಿನ ಯೋಜನೆಯದು.

ಫೌಂಡೇಶನ್‌ಗೆ ಎಸ್‌ಎಸ್‌ಎಲ್‌ಸಿ ಆದಮೇಲೆ ಹೆಸರು ನೋಂದಾಯಿಸಬಹುದು, ಪರೀಕ್ಷೆ ಬರೆಯುವುದು ಎರಡನೇ ಪಿಯುಸಿ ಪರೀಕ್ಷೆಯ ನಂತರ. ನೋಂದಣಿಗೂ ಪರೀಕ್ಷೆಗೂ ನಡುವೆ ನಾಲ್ಕು ತಿಂಗಳ ಓದಿನ ಅವಧಿ ಇರಬೇಕು. ಪರೀಕ್ಷೆ ಜನವರಿ, ಮೇ/ಜೂನ್, ಸೆಪ್ಟೆಂಬರ್ ಹೀಗೆ ವರ್ಷಕ್ಕೆ ಮೂರು ಸಲ. ಮಾರ್ಚ್‌ನಲ್ಲಿ ಪಿಯುಸಿ ಬರೆದು ಅದೇ ಬೇಸಿಗೆಯಲ್ಲಿ ಫೌಂಡೇಶನ್ ಬರೆಯಬೇಕೆಂದರೆ ಹಿಂದಿನ ಜನವರಿ 1ರೊಳಗೆ ನೋಂದಣಿ ಆಗಿರಬೇಕು. ಪಿಯುಸಿ ಫಲಿತಾಂಶ ನೋಡಿ ನಿರ್ಧರಿಸೋಣ ಎಂದು ಕೂತವರಿಗೆ ಸಿಗುವುದು ಸೆಪ್ಟೆಂಬರ್. ಅದಕ್ಕೂ ಮೇ 1 ಗಡುವು.

ನಾಲ್ಕು ಪತ್ರಿಕೆ, ತಲಾ 100 ಅಂಕ. ಅಕೌಂಟಿಂಗ್ ಮತ್ತು ಬಿಸಿನೆಸ್ ಲಾ ಬರೆಯುವ ಪತ್ರಿಕೆಗಳು, 3 ಗಂಟೆ. ಗಣಿತ ಮತ್ತು ಅರ್ಥಶಾಸ್ತ್ರ ಬಹು ಆಯ್ಕೆಯವು, 2 ಗಂಟೆ, ತಪ್ಪಿಗೆ ಕಾಲು ಅಂಕ ಕಡಿತ. ಪ್ರತಿ ಪತ್ರಿಕೆಯಲ್ಲಿ 40, ಒಟ್ಟಾರೆ ಶೇ 50 ಬೇಕು. ಬಹಳ ಜನ ಎಡವುವುದು ಈ ಎರಡನೇ ಷರತ್ತಿನಲ್ಲಿ: 42, 44, 48, 58 ಬಂದರೆ ಪ್ರತಿ ವಿಷಯದಲ್ಲೂ ಪಾಸು, ಮೊತ್ತ 192, ಫಲಿತಾಂಶ ಫೇಲು. ಹಾಗಾಗಿ ಒಂದು ಪತ್ರಿಕೆಯಲ್ಲಾದರೂ 65 ದಾಟುವ ಗುರಿ ಇರಲಿ. ಅಕೌಂಟಿಂಗ್ ಅದಕ್ಕೆ ಸುಲಭದ್ದು. ಬಹು ಆಯ್ಕೆಯಲ್ಲಿ 80 ಪ್ರಶ್ನೆ ಮುಟ್ಟಿ 56 ಸರಿ, 24 ತಪ್ಪಾದರೆ ಕೈಗೆ ಬರುವುದು 50. ಕಣ್ಣುಮುಚ್ಚಿ ಗುರುತು ಹಾಕುವುದು ಲಾಭದ ವ್ಯವಹಾರವಲ್ಲ.

ಇಲ್ಲಿ ಕನ್ನಡದಲ್ಲಿ ಬರೆಯುವ ಅವಕಾಶವಿಲ್ಲ, ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಕನ್ನಡ ಮಾಧ್ಯಮದವರಿಗೆ ಲೆಕ್ಕ ತೊಂದರೆ ಕೊಡುವುದಿಲ್ಲ, ಲಾ ಪತ್ರಿಕೆ ಕೊಡುತ್ತದೆ. ಮುಂದೆ ಆಡಿಟಿಂಗ್ ಇನ್ನೂ ಹೆಚ್ಚು. ದಿನಕ್ಕೆ ಎರಡು ಉತ್ತರ, ಒಂದೊಂದು ಹತ್ತು ಸಾಲು, ಪುಸ್ತಕ ಮುಚ್ಚಿ ಇಂಗ್ಲಿಷ್‌ನಲ್ಲಿ ಬರೆದು ಐಸಿಎಐ ಕೊಟ್ಟ ಮಾದರಿ ಉತ್ತರಕ್ಕೆ ಹೋಲಿಸಿ. ‘ಆಫರ್’, ‘ಕನ್ಸಿಡರೇಶನ್’ನಂಥ ಕಾನೂನಿನ ಪದ ಬಿಟ್ಟು ಸ್ವಂತ ಮಾತಿನಲ್ಲಿ ಬರೆದರೆ ಅಂಕ ಸಿಗುವುದಿಲ್ಲ. ಆರು ತಿಂಗಳಲ್ಲಿ ಇದು ಕೈಗೆ ಹತ್ತುತ್ತದೆ.

ಇಂಟರ್‌ಮೀಡಿಯೆಟ್‌ನಲ್ಲಿ ಎರಡು ಗುಂಪು, ಗುಂಪಿಗೆ ಮೂರು ಪತ್ರಿಕೆ. ನೋಂದಣಿಯಿಂದ ಎಂಟು ತಿಂಗಳ ಓದು. ಪ್ರತಿ ಪತ್ರಿಕೆಯಲ್ಲಿ 30 ಅಂಕ ಬಹು ಆಯ್ಕೆಗೆ, ಇಲ್ಲಿ ತಪ್ಪಿಗೆ ಕಡಿತವಿಲ್ಲ. ಗುಂಪಿನಲ್ಲಿ ಫೇಲಾದರೂ 60 ಅಥವಾ ಅದಕ್ಕಿಂತ ಹೆಚ್ಚು ಬಂದ ಪತ್ರಿಕೆಗೆ ಮುಂದಿನ ಮೂರು ಸಲಕ್ಕೆ ವಿನಾಯಿತಿ ಸಿಗುತ್ತದೆ. ಆದರೆ ಉಳಿದ ಪತ್ರಿಕೆಗಳಿಗೆ ಹಾಜರಾಗದೆ ಎದ್ದುಬಂದರೆ ಅದೂ ಹೋಗುತ್ತದೆ. ಮೊದಲ ಪತ್ರಿಕೆ ಕೆಟ್ಟಿತೆಂದು ಹಾಲ್‌ಟಿಕೆಟ್ ಹರಿದುಹಾಕಬೇಡಿ.

ಎರಡೂ ಗುಂಪು ಪಾಸಾಗಿ, ನಾಲ್ಕು ವಾರದ ಐಸಿಐಟಿಎಸ್‌ಎಸ್ (ಐಟಿ ಮತ್ತು ಸಾಫ್ಟ್ ಸ್ಕಿಲ್ಸ್) ತರಬೇತಿ ಮುಗಿಸಿದ ಮೇಲೆ 2 ವರ್ಷದ ಆರ್ಟಿಕಲ್‌ಶಿಪ್. ಅದು ಮುಗಿದು ಆರು ತಿಂಗಳ ನಂತರ ಫೈನಲ್. ಎಲ್ಲವೂ ಮೊದಲ ಸಲವೇ ಪಾಸಾದರೆ ಪಿಯುಸಿಯಿಂದ 42 ತಿಂಗಳು. ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಿ, ಆದರೆ ಮನೆಯವರಿಗೆ 5 ವರ್ಷ ಎಂದೇ ಹೇಳಿ. ಫೌಂಡೇಶನ್ ದಾಟುವ ಮುಂಚೆಯೇ ಫೈನಲ್‌ವರೆಗಿನ ಕೋಚಿಂಗ್ ಪ್ಯಾಕೇಜಿಗೆ ದುಡ್ಡು ಕಟ್ಟುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಐಸಿಎಐಯ ಪಠ್ಯ, ರಿವಿಷನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್ ಪೇಪರ್, ಹಿಂದಿನ ಉತ್ತರಗಳು ಅದರ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತವೆ. ಯಾವ ತಿದ್ದುಪಡಿ ನಿಮ್ಮ ಪರೀಕ್ಷೆಗೆ ಅನ್ವಯ ಎಂಬುದನ್ನು ರಿವಿಷನ್ ಟೆಸ್ಟ್ ಪೇಪರ್‌ನಲ್ಲೇ ನೋಡಬೇಕು.

ಆರ್ಟಿಕಲ್‌ಶಿಪ್ ಆಫೀಸು ಆರಿಸುವಾಗ

ದೊಡ್ಡ ಸಂಸ್ಥೆಯಲ್ಲಿ ದೊಡ್ಡ ಕಂಪನಿಗಳ ಆಡಿಟ್ ಆಳವಾಗಿ ಕಲಿಯುತ್ತೀರಿ, ಆದರೆ ಎರಡು ವರ್ಷವೂ ಸ್ಟಾಕ್ ಎಣಿಕೆ, ಬಾಕಿ ದೃಢೀಕರಣದಲ್ಲೇ ಕಳೆದುಹೋಗಬಹುದು. ಸಣ್ಣ ಆಫೀಸಿನಲ್ಲಿ ಜಿಎಸ್‌ಟಿ, ಆದಾಯ ತೆರಿಗೆ, ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟ್, ಸಹಕಾರ ಸಂಘದ ಆಡಿಟ್ ಎಲ್ಲ ಕೈಗೆ ಬರುತ್ತವೆ. ಸ್ವಂತ ಪ್ರಾಕ್ಟೀಸ್ ಮಾಡುವ ಮನಸ್ಸಿದ್ದರೆ ಎರಡನೆಯದೇ ಮೇಲು. ಕಂಪನಿ ಕೆಲಸ ಬೇಕೆಂದರೆ ಮೊದಲನೆಯದು, ಅಥವಾ ಕೊನೆಯ ವರ್ಷ 9ರಿಂದ 12 ತಿಂಗಳು ಕೈಗಾರಿಕಾ ತರಬೇತಿ.

ಸಂದರ್ಶನದಲ್ಲಿ ನೀವೂ ಕೇಳಿ: ಎಷ್ಟು ಕಂಪನಿ ಆಡಿಟ್ ಇವೆ? ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಎಷ್ಟು ಹೊತ್ತಿನವರೆಗೆ ಕೆಲಸ? ವರ್ಷಕ್ಕೆ ರಜೆ 12 ದಿನ ಮಾತ್ರ, ಹಾಗಾಗಿ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಅದಕ್ಕಿಂತ ಮುಖ್ಯ, ಈಗ ಅಲ್ಲಿರುವ ಇಬ್ಬರು ಆರ್ಟಿಕಲ್‌ಗಳನ್ನು ಆಫೀಸಿನ ಹೊರಗೆ ಟೀ ಅಂಗಡಿಯಲ್ಲಿ ಮಾತಾಡಿಸಿ. ಹಾಜರಾತಿಗೆ ಮಾತ್ರ ಹೆಸರು ಬರೆಸಿ ಮನೆಯಲ್ಲಿ ಓದುವ ‘ಡಮ್ಮಿ’ ಆರ್ಟಿಕಲ್‌ಶಿಪ್ ನಿಯಮಬಾಹಿರ. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ಹತ್ತು ನಿಮಿಷಕ್ಕೆ ಬಯಲಾಗುತ್ತದೆ.

ಸಿಎಂಎ ಮತ್ತು ಉಳಿದವು

ಪೀಣ್ಯ, ಬೊಮ್ಮಸಂದ್ರದಂಥ ಕಡೆ ಕಾರ್ಖಾನೆಯ ಲೆಕ್ಕ ಮಾಡುವ ಆಸಕ್ತಿ ಇದ್ದರೆ ಸಿಎಂಎ ಒಳ್ಳೆಯದು. ಪದವೀಧರರು ನೇರ ಇಂಟರ್‌ಮೀಡಿಯೆಟ್ ಸೇರಬಹುದು. ಇಂಟರ್ 8, ಫೈನಲ್ 8 ಪತ್ರಿಕೆ, ಪರೀಕ್ಷೆ ಜೂನ್ ಮತ್ತು ಡಿಸೆಂಬರ್. ಕೆಲಸ ಮಾಡುತ್ತ ಓದುವವರಿಗೆ ಸಿಎಗಿಂತ ಇದು ಹೊಂದುತ್ತದೆ. ಎಸಿಸಿಎ ಎಂಬ ಬ್ರಿಟನ್ನಿನ ಅಕೌಂಟಿಂಗ್ ಕೋರ್ಸು 13 ಪತ್ರಿಕೆಗಳದು, ಶುಲ್ಕ ಪೌಂಡ್‌ನಲ್ಲಿ. ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳ ಅಕೌಂಟ್ಸ್ ಕೇಂದ್ರಗಳಲ್ಲಿ ಅದಕ್ಕೆ ಬೆಲೆಯಿದೆ, ಆದರೆ ಭಾರತದಲ್ಲಿ ಆಡಿಟ್‌ಗೆ ಸಹಿ ಹಾಕುವ ಹಕ್ಕು ಅದರಿಂದ ಬರುವುದಿಲ್ಲ.

ಹಳೆಯ ನೋಟ್ಸ್ ಕೊಳ್ಳಬೇಡಿ

ಆದಾಯ ತೆರಿಗೆ ಕಾಯ್ದೆ 2025, 2026ರ ಏಪ್ರಿಲ್ 1ರಿಂದ ಜಾರಿ. 1961ರ ಕಾಯ್ದೆಯ 194ಸಿ, 194ಜೆ ಎಂದು ಬಾಯಿಪಾಠ ಮಾಡಿದ ಟಿಡಿಎಸ್ ಕಲಂಗಳು ಹೊಸದರಲ್ಲಿ 393ನೇ ಕಲಮಿನಡಿ ಒಂದಾಗಿವೆ. ‘ಅಸೆಸ್‌ಮೆಂಟ್ ಇಯರ್’ ಹೋಗಿ ‘ಟ್ಯಾಕ್ಸ್ ಇಯರ್’ ಬಂದಿದೆ. 2026ರ ಮಾರ್ಚ್ 31ರವರೆಗಿನ ವರ್ಷಗಳ ಕೆಲಸಕ್ಕೆ ಹಳೆಯದೇ ಬೇಕು, ಹಾಗಾಗಿ ಇನ್ನು ಕೆಲವು ವರ್ಷ ಎರಡೂ ಗೊತ್ತಿರಬೇಕು. ಜಿಎಸ್‌ಟಿಯಲ್ಲೂ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಹಂತ ಹೋಗಿ ಹೆಚ್ಚಿನ ಸರಕು ಶೇ 5 ಮತ್ತು 18ಕ್ಕೆ ಬಂದಿವೆ. ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ಸಿಗುವ ಟ್ಯಾಕ್ಸ್ ಪುಸ್ತಕ ಈಗ ತೂಕಕ್ಕೆ ಹಾಕಲು ಮಾತ್ರ ಸರಿ. ಅಕೌಂಟಿಂಗ್ ಪುಸ್ತಕಕ್ಕೆ ಆ ಭಯವಿಲ್ಲ.

ಸಂದರ್ಶನಕ್ಕೆ ಒಯ್ಯುವ ಫೈಲು

ಪ್ರಮಾಣಪತ್ರಗಳ ಹಿಂದೆ ನಾಲ್ಕು ಪ್ರಿಂಟ್ ಇಟ್ಟುಕೊಳ್ಳಿ: ನಿಮ್ಮ ಹಾರ್ಡ್‌ವೇರ್ ಅಂಗಡಿಯ ತಾಳೆಪಟ್ಟಿ ಮತ್ತು ಬ್ಯಾಲೆನ್ಸ್ ಶೀಟ್, ಅದೇ ತಿಂಗಳ ಬ್ಯಾಂಕ್ ಹೊಂದಾಣಿಕೆ ಪಟ್ಟಿ, ಖರೀದಿಗೂ 2ಬಿಗೂ ಹೊಂದಿಸಿದ ಎಕ್ಸೆಲ್ ಹಾಳೆ (ಎರಡು ಬಿಲ್ಲು ಬೇಕೆಂದೇ ಹೊಂದದಂತೆ ಇಟ್ಟು, ಕಾರಣ ಬರೆದದ್ದು), ಐದು ಜನರ ಸಂಬಳ ಪಟ್ಟಿ, ಅದರಲ್ಲಿ ಪಿಎಫ್, ಇಎಸ್‌ಐ, ವೃತ್ತಿ ತೆರಿಗೆ ಕಡಿತ ಸಮೇತ. ಮಾದರಿ ಅಂಗಡಿ ಎಂದು ಮೇಲೆ ಸ್ಪಷ್ಟವಾಗಿ ಬರೆಯಿರಿ; ಬೇರೆಯವರ ನಿಜವಾದ ಲೆಕ್ಕವನ್ನು ಎಂದಿಗೂ ತೋರಿಸಬೇಡಿ, ಹಾಗೆ ತೋರಿಸಿದವರನ್ನು ಯಾವ ಆಫೀಸೂ ನಂಬುವುದಿಲ್ಲ. ಎದುರು ಕೂತವರು ಹಾಳೆ ತಿರುವಿ ಬೆರಳಿಟ್ಟು ಕೇಳುವುದು ಸಾಮಾನ್ಯವಾಗಿ ಆ ಹೊಂದದ ಎರಡು ಬಿಲ್ಲುಗಳ ಬಗ್ಗೆಯೇ.